‘ವಾಟರ್’ ನಾಮಪದವೋ, ಕ್ರಿಯಾಪದವೋ? ಬೇಲೂರಿನ ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನವರು. ಸ್ವಲ್ಪ ಕಾಫಿ ತೋಟ, ಅದರಲ್ಲೇ ಕಾಳುಮೆಣಸು ಇದೆ. ಮಗಳು 7ನೇ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಈ ವರ್ಷ ಇಂಗ್ಲಿಷ್ ಮಾಧ್ಯಮದ 8ನೇ ತರಗತಿಗೆ ಸೇರಿದ್ದಾಳೆ. ಕಿರುಪರೀಕ್ಷೆಯಲ್ಲಿ ‘ದಿ ಫಾರ್ಮರ್ ವಾಟರ್ಸ್ ದಿ ಪ್ಲಾಂಟ್ಸ್’ ಎಂಬ ವಾಕ್ಯ ಕೊಟ್ಟು, ಕ್ರಿಯಾಪದದ ಕೆಳಗೆ ಗೆರೆ ಎಳೆಯಲು ಹೇಳಿದ್ದರು. ಅವಳು ‘ಪ್ಲಾಂಟ್ಸ್’ ಕೆಳಗೆ ಗೆರೆ ಎಳೆದು ಅಂಕ ಕಳೆದುಕೊಂಡಳು. ‘ವಾಟರ್ ಅಂದರೆ ನೀರು, ಅದು ಒಂದು ವಸ್ತುವಿನ ಹೆಸರು; ಪ್ಲಾಂಟ್ ಅಂದರೆ ನೆಡುವುದು, ಅದೇ ಕೆಲಸ’ ಎಂಬುದು ಅವಳ ವಾದ. ಮನೆಪಾಠದವರನ್ನು ಕೇಳಿದರೆ, ‘ವಾಟರ್’ ಯಾವತ್ತೂ ನಾಮಪದವೇ, ಪ್ರಶ್ನೆಯಲ್ಲಿರುವ ವಾಕ್ಯವೇ ತಪ್ಪು, ‘ಪೋರ್ಸ್ ವಾಟರ್’ ಎಂದು ಇರಬೇಕಿತ್ತು, ನಾಮಪದವನ್ನು ಕ್ರಿಯಾಪದ ಮಾಡುವುದು ಮೊಬೈಲ್ ಬಂದ ಮೇಲೆ ಶುರುವಾದ ಕೆಟ್ಟ ರೂಢಿ ಎಂದರು. ಒಂದು ಕಡೆ ನಾಮಪದ, ಇನ್ನೊಂದು ಕಡೆ ಕ್ರಿಯಾಪದ ಬರೆದ ದೊಡ್ಡ ಪಟ್ಟಿಯೊಂದನ್ನು ಬಾಯಿಪಾಠ ಮಾಡಲು ಕೊಟ್ಟಿದ್ದಾರೆ. ‘ರೆಕಾರ್ಡ್’, ‘ಪ್ರೆಸೆಂಟ್’ ಎಂಬ ಪದಗಳನ್ನು ಅವಳು ಉಚ್ಚರಿಸಿದರೆ ತರಗತಿಯಲ್ಲಿ ನಗುತ್ತಾರಂತೆ. ಇದೆಲ್ಲ ಕನ್ನಡ ಮಾಧ್ಯಮದಲ್ಲಿ ಓದಿಸಿದ್ದರ ಫಲವೇ? ಪಟ್ಟಿಯನ್ನು ಬಾಯಿಪಾಠ ಮಾಡಿಸಲೇ? ‘ಪ್ರಾಕ್ಟಿಸ್’ ಎಂಬುದಕ್ಕೆ ಕೊನೆಯಲ್ಲಿ ‘ಸಿ’ ಬರುತ್ತದೆಯೋ ‘ಎಸ್’ ಬರುತ್ತದೆಯೋ ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಆತಂಕದಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು, ಇಂಗ್ಲಿಷಿನಲ್ಲಿ ಒಂದೇ ಪದ ನಾಮಪದವೂ ಕ್ರಿಯಾಪದವೂ ಆಗುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ. ಇನ್ನೊಂದು, ಮಗಳು ಹಿಂದೆ ಬಿದ್ದಳೇ, ಅದಕ್ಕೆ ನಾವು ಆರಿಸಿದ ಶಾಲೆ ಕಾರಣವೇ ಎಂಬ ಅಳುಕು. ಹಾಸನ ಮತ್ತು ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನಾಗಿ ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ: ನಿಮ್ಮ ಮಗಳ ಉತ್ತರ ತಪ್ಪು, ಆದರೆ ಅದು ಯೋಚಿಸಿ ಮಾಡಿದ ತಪ್ಪು. ‘ಪ್ಲಾಂಟ್’ ಎಂದರೆ ಗಿಡವೂ ಹೌದು, ನೆಡುವುದೂ ಹೌದು ಎಂಬುದು ಅವಳಿಗೆ ಆಗಲೇ ತಿಳಿದಿದೆ. ‘ಪ್ಲಾಂಟಿಂಗ್’, ‘ಪ್ಲಾಂಟರ್’ ಎಂಬ ಮಾತುಗಳನ್ನು ಕೇಳುತ್ತ ಬೆಳೆದ ಮಗುವಿಗೆ ಅದು ತಿಳಿಯದೆ ಇರುವುದಿಲ್ಲ. ‘ಪ್ಲಾಂಟ್’ಗೆ ಕೊಟ್ಟ ಆ ಸ್ವಾತಂತ್ರ್ಯವನ್ನು ಅವಳು ‘ವಾಟರ್’ಗೆ ಕೊಡಲಿಲ್ಲ, ಅಷ್ಟೇ. ‘ವಾಟರ್’ ಯಾವತ್ತೂ ನಾಮಪದವೇ ಎಂದು ಯಾರೋ ಹಿರಿಯರು ಹೇಳಿದಾಗ ಅವಳ ತಪ್ಪು ತಿದ್ದಿಹೋಗುವ ಬದಲು ಇನ್ನಷ್ಟು ಗಟ್ಟಿಯಾಯಿತು.

‘ದಿ ಫಾರ್ಮರ್ ವಾಟರ್ಸ್ ದಿ ಪ್ಲಾಂಟ್ಸ್’ ಎಂಬ ವಾಕ್ಯದಲ್ಲಿ ಯಾವ ದೋಷವೂ ಇಲ್ಲ. ಅದು ಆಡುಮಾತಿನ ಸಡಿಲ ಪ್ರಯೋಗವೂ ಅಲ್ಲ. ಕೃಷಿಯ ಪಠ್ಯದಲ್ಲಾಗಲಿ, ಸರ್ಕಾರಿ ಕಡತದಲ್ಲಾಗಲಿ ಯಾರೂ ಆಕ್ಷೇಪಿಸದಂತಹ ಶುದ್ಧ ಇಂಗ್ಲಿಷ್ ಅದು. ‘ಪೋರ್ಸ್ ವಾಟರ್ ಆನ್ ದಿ ಪ್ಲಾಂಟ್ಸ್’ ಎನ್ನುವುದೂ ತಪ್ಪಲ್ಲ, ಆದರೆ ಅರ್ಥ ಕಿರಿದಾಗುತ್ತದೆ. ಅದು ಕೊಡದಿಂದಲೋ ತಂಬಿಗೆಯಿಂದಲೋ ನೀರು ಸುರಿಯುವುದನ್ನು ಹೇಳುತ್ತದೆ. ‘ವಾಟರ್’ ಎಂಬ ಕ್ರಿಯಾಪದವಾದರೆ ಕೊಡದಲ್ಲಿ ಹಾಕಿದರೂ, ಪೈಪಿನಲ್ಲಿ ಹಾಯಿಸಿದರೂ, ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ಸ್ಪ್ರಿಂಕ್ಲರ್ ಹಾಕಿ ತೋಟ ನೆನೆಸಿದರೂ ಹೊಂದುತ್ತದೆ. ಮನೆಪಾಠದವರ ಸಲಹೆಯ ಹಿಂದೆ ಇರುವುದು ಕನ್ನಡದ ವಾಕ್ಯವೆಂದು ನನಗೆ ತೋರುತ್ತದೆ. ‘ನೀರು’ ಎಂಬ ಪದ ಕನ್ನಡದಲ್ಲಿ ಕ್ರಿಯಾಪದ ಆಗಲಾರದು. ನಾವು ನೀರು ಹಾಕಬೇಕು, ಹಾಯಿಸಬೇಕು, ಕಟ್ಟಬೇಕು. ಹೀಗಾಗಿ ಇಂಗ್ಲಿಷಿನಲ್ಲಿಯೂ ‘ವಾಟರ್’ ಪಕ್ಕದಲ್ಲಿ ಬೇರೊಂದು ಕ್ರಿಯಾಪದ ಇದ್ದೇ ತೀರಬೇಕು ಎಂದು ಮನಸ್ಸು ಬಯಸುತ್ತದೆ. ಇದು ಅವರೊಬ್ಬರ ತಪ್ಪಲ್ಲ, ಕನ್ನಡವನ್ನು ಮನೆಮಾತಾಗಿ ಉಳ್ಳ ನಮ್ಮೆಲ್ಲರಿಗೂ ಸಹಜವಾಗಿ ಬರುವ ಊಹೆ.

ಮೊಬೈಲಿನ ಮಾತು ಮಾತ್ರ ಇತಿಹಾಸಕ್ಕೆ ಸಲ್ಲದು. ‘ಆನ್ಸರ್’ ಪದವನ್ನು ನೋಡಿ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಉತ್ತರ ಎಂಬ ನಾಮಪದ ‘ಆಂಡ್‌ಸ್ವಾರು’ ಎಂದಿತ್ತು, ಉತ್ತರಿಸು ಎಂಬ ಕ್ರಿಯಾಪದ ‘ಆಂಡ್‌ಸ್ವಾರಿಯನ್’ ಎಂದಿತ್ತು. ಆಗಿನ ಇಂಗ್ಲಿಷ್ ಈ ವಿಷಯದಲ್ಲಿ ನಮ್ಮ ಕನ್ನಡಕ್ಕೆ ಹತ್ತಿರವಾಗಿತ್ತು. ಪದದ ಕೊನೆಯಲ್ಲಿರುವ ಪ್ರತ್ಯಯವನ್ನು ನೋಡಿದರೆ ಅದು ಹೆಸರೋ ಕೆಲಸವೋ ತಿಳಿಯುತ್ತಿತ್ತು. ಮುಂದಿನ ಶತಮಾನಗಳಲ್ಲಿ, ವಿಶೇಷವಾಗಿ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಮುನ್ನೂರು ನಾನೂರು ವರ್ಷಗಳಲ್ಲಿ, ಆ ಪ್ರತ್ಯಯಗಳು ಸವೆದು ಉದುರಿದವು. ಬಾಲ ಉದುರಿದ ಮೇಲೆ ‘ಆನ್ಸರ್’ ಎರಡಕ್ಕೂ ಒಂದೇ ರೂಪವಾಗಿ ಉಳಿಯಿತು. ಒಮ್ಮೆ ಇಂತಹ ಜೋಡಿಗಳು ನೂರಾರು ಆದಾಗ ಜನ ಅದನ್ನೇ ಹೊಸ ಪದ ಕಟ್ಟುವ ದಾರಿ ಮಾಡಿಕೊಂಡರು. ಫ್ರೆಂಚ್, ಲ್ಯಾಟಿನ್‌ನಿಂದ ಬಂದ ಪದಗಳಿಗೂ ಇದೇ ಬಳಕೆ ಹಬ್ಬಿತು.

ಇದಕ್ಕೆ ಆಕ್ಷೇಪಣೆಯೂ ಹಳೆಯದೇ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1789ರ ಡಿಸೆಂಬರಿನಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಬರೆದ ಕಾಗದದಲ್ಲಿ, ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಎಂಬ ಪದಗಳನ್ನು ಕ್ರಿಯಾಪದಗಳಂತೆ ಬಳಸುತ್ತಿರುವುದನ್ನು ಕಂಡು ಬೇಸರಪಟ್ಟಿದ್ದಾರೆ. ಇಂದು ಆ ಮೂರನ್ನೂ ಕ್ರಿಯಾಪದವಾಗಿ ಬಳಸದೆ ಪತ್ರಿಕೆಯ ಒಂದು ಪುಟ ಮುಗಿಯುವುದೂ ಕಷ್ಟ. ಹಿರಿಯರ ಬೇಸರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಭಾಷೆಯ ಬಗ್ಗೆ ಕಾಳಜಿ ಇದ್ದವರಿಗೇ ಬೇಸರವಾಗುತ್ತದೆ. ಆದರೆ ಮಗುವಿಗೆ ಕಲಿಸುವಾಗ ಹೊಸ ಪದದ ಬಗೆಗಿನ ಬೇಸರವನ್ನು, ನೂರಾರು ವರ್ಷಗಳಿಂದ ನೆಲೆಯಾದ ‘ವಾಟರ್’, ‘ಆನ್ಸರ್’, ‘ಪ್ಲಾಂಟ್’ಗಳ ಮೇಲೆ ಹೊರಿಸಬಾರದು.

ಈಗ ಕನ್ನಡದ ಕಡೆ ಬರೋಣ, ಏಕೆಂದರೆ ನಿಮ್ಮ ಮಗಳಿಗೆ ಬೇಕಾದ ಕೀಲಿ ಅಲ್ಲೇ ಇದೆ. ಒಂದೇ ಪದ ಹೆಸರೂ ಕೆಲಸವೂ ಆಗುವುದು ಕನ್ನಡಕ್ಕೆ ಹೊಸದಲ್ಲ. ‘ಹಾಡು’, ‘ಓದು’, ‘ನಗು’, ‘ಅಳು’, ‘ನುಡಿ’, ‘ನಡೆ’, ‘ಬೆಳೆ’, ‘ಕಟ್ಟು’, ‘ಸುತ್ತು’, ‘ಅಂಟು’, ‘ಕೆಮ್ಮು’, ‘ಬೆವರು’ ಇವೆಲ್ಲ ಎರಡೂ ಕಡೆ ನಿಲ್ಲುತ್ತವೆ. ‘ಅವಳ ಓದು ಮುಗಿಯಿತು’ ಎಂದಾಗ ಓದು ಹೆಸರು. ‘ಗಟ್ಟಿಯಾಗಿ ಓದು’ ಎಂದಾಗ ಅದು ಕೆಲಸ. ‘ಬೆಳೆ ಚೆನ್ನಾಗಿ ಬೆಳೆಯಿತು’, ‘ಅವಳು ಒಂದು ಹಾಡು ಹಾಡಿದಳು’ ಎಂಬ ವಾಕ್ಯಗಳಲ್ಲಿ ಎರಡು ರೂಪಗಳೂ ಅಕ್ಕಪಕ್ಕದಲ್ಲೇ ಇವೆ, ನಮಗೆ ಒಂದಿಷ್ಟೂ ಗೊಂದಲವಾಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದರೆ, ‘ಹಾಡನ್ನು’, ‘ಹಾಡಿನಲ್ಲಿ’ ಎಂದು ವಿಭಕ್ತಿ ಪ್ರತ್ಯಯ ಹತ್ತಿದರೆ ಅದು ನಾಮಪದ, ‘ಹಾಡಿದಳು’, ‘ಹಾಡುತ್ತಾರೆ’ ಎಂದು ಆಖ್ಯಾತ ಪ್ರತ್ಯಯ ಹತ್ತಿದರೆ ಅದು ಕ್ರಿಯಾಪದ ಎಂಬುದು ನಮಗೆ ನಾಲಿಗೆಯಲ್ಲೇ ಗೊತ್ತು. ಪದ ಯಾವ ಕೆಲಸಕ್ಕೆ ನಿಂತಿದೆ ಎಂಬುದನ್ನು ಕನ್ನಡ ಪದದ ಬಾಲದಲ್ಲಿ ಹೇಳುತ್ತದೆ.

ಇಂಗ್ಲಿಷ್ ಅದನ್ನು ಪದ ಕೂತ ಜಾಗದಿಂದ ಹೇಳುತ್ತದೆ. ‘ರೈತ ಗಿಡಗಳಿಗೆ ನೀರು ಹಾಯಿಸುತ್ತಾನೆ’ ಎಂಬುದನ್ನು ‘ಗಿಡಗಳಿಗೆ ರೈತ ನೀರು ಹಾಯಿಸುತ್ತಾನೆ’ ಎಂದು ಬದಲಿಸಿದರೂ ಕನ್ನಡದಲ್ಲಿ ಅರ್ಥ ಕದಲುವುದಿಲ್ಲ. ಇಂಗ್ಲಿಷ್ ವಾಕ್ಯದಲ್ಲಿ ‘ವಾಟರ್ಸ್’, ‘ಪ್ಲಾಂಟ್ಸ್’ ಎರಡನ್ನೂ ಅದಲುಬದಲು ಮಾಡಿ ‘ದಿ ಫಾರ್ಮರ್ ಪ್ಲಾಂಟ್ಸ್ ದಿ ವಾಟರ್ಸ್’ ಎಂದು ಬರೆದು ಮಗಳಿಗೆ ತೋರಿಸಿ. ಅರ್ಥ ವಿಚಿತ್ರವಾದರೂ, ಈಗ ‘ಪ್ಲಾಂಟ್ಸ್’ ಕ್ರಿಯಾಪದ, ‘ವಾಟರ್ಸ್’ ನಾಮಪದ. ಪದಗಳ ರೂಪದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಜಾಗ ಬದಲಾಯಿತು, ಕೆಲಸ ಬದಲಾಯಿತು. ‘ಈ ಪದ ಯಾವುದು?’ ಎಂಬ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಎಷ್ಟೋ ಸಲ ಉತ್ತರವೇ ಇರುವುದಿಲ್ಲ. ‘ಈ ವಾಕ್ಯದಲ್ಲಿ ಈ ಪದ ಏನು ಮಾಡುತ್ತಿದೆ?’ ಎಂದು ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ. ನಾನು ತರಗತಿಯಲ್ಲಿ ವರ್ಷಾನುಗಟ್ಟಲೆ ಹೇಳಿಕೊಂಡು ಬಂದದ್ದರ ಸಾರ ಇಷ್ಟೇ, ನಿಮ್ಮ ಮಗಳಿಗೂ ಇದೊಂದು ಮನಸ್ಸಿಗೆ ಹೊಕ್ಕರೆ ಸಾಕು ಎಂಬುದು ನನ್ನ ನಂಬಿಕೆ.

ಜಾಗವನ್ನು ಗುರುತಿಸಲು ಅವಳಿಗೆ ಒಂದು ಉಪಾಯ ಹೇಳಿಕೊಡಿ. ವಾಕ್ಯವನ್ನು ನಿನ್ನೆಗೆ ತಳ್ಳಿ ನೋಡಬೇಕು. ‘ಯೆಸ್ಟರ್‌ಡೇ’ ಎಂದು ಮುಂದೆ ಸೇರಿಸಿದಾಗ ಯಾವ ಪದ ರೂಪ ಬದಲಿಸಿಕೊಳ್ಳುತ್ತದೆಯೋ ಅದು ಕ್ರಿಯಾಪದ. ‘ಯೆಸ್ಟರ್‌ಡೇ ದಿ ಫಾರ್ಮರ್ ವಾಟರ್ಡ್ ದಿ ಪ್ಲಾಂಟ್ಸ್.’ ಬದಲಾದದ್ದು ‘ವಾಟರ್ಸ್’. ‘ಪ್ಲಾಂಟ್ಸ್’ ಹಾಗೇ ಉಳಿಯಿತು. ಇನ್ನೊಂದು ಗುರುತು, ಹಿಂದೆ ನಿಂತಿರುವ ‘ಎ’, ‘ದಿ’, ‘ಮೈ’ ಎಂಬ ಚಿಕ್ಕ ಪದಗಳು. ಅವು ಬಂದರೆ ಮುಂದೆ, ಪಕ್ಕದಲ್ಲೇ ಆಗಲಿ ಒಂದೆರಡು ಪದ ದಾಟಿಯಾಗಲಿ, ನಾಮಪದವೊಂದು ಬರಲೇಬೇಕು. ವಾಕ್ಯವನ್ನು ನಿನ್ನೆಗೆ ತಳ್ಳುವ ಉಪಾಯಕ್ಕೂ ಒಂದು ಮಿತಿ ಇದೆ: ‘ಕಟ್’, ‘ಪುಟ್’, ‘ಹಿಟ್’ ಮುಂತಾದ ಕ್ರಿಯಾಪದಗಳು ‘ದೆ ಕಟ್ ದಿ ಬ್ರಾಂಚಸ್’ ಎಂಬಂತಹ ವಾಕ್ಯದಲ್ಲಿ ನಿನ್ನೆಗೂ ಇಂದಿಗೂ ಒಂದೇ ರೂಪದಲ್ಲಿರುತ್ತವೆ. ಅಲ್ಲಿ ಕರ್ತೃವನ್ನು ‘ಹಿ’ ಎಂದು ಬದಲಿಸಿ ನೋಡಬೇಕು. ‘ಹಿ ಕಟ್ಸ್’ ಎಂದಾಗ ಗುಟ್ಟು ಹೊರಬೀಳುತ್ತದೆ.

ನಿಮ್ಮ ಮಗಳು ಎಡವಿದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಕೊನೆಯ ‘ಎಸ್’ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಎರಡು ಕೆಲಸ. ನಾಮಪದಕ್ಕೆ ಹತ್ತಿದರೆ ಅದು ‘ಗಳು’. ಕ್ರಿಯಾಪದಕ್ಕೆ ಹತ್ತಿದರೆ ಅದು ‘ಅವನು ಅಥವಾ ಅವಳು ಮಾಡುತ್ತಾಳೆ’ ಎಂಬುದರ ಗುರುತು. ಕನ್ನಡದ ‘ಗಳು’ ಎಂದೂ ಕ್ರಿಯಾಪದಕ್ಕೆ ಹತ್ತುವುದಿಲ್ಲವಾದ್ದರಿಂದ, ಈ ಎರಡು ‘ಎಸ್’ಗಳನ್ನು ಬೇರೆ ಬೇರೆಯಾಗಿ ಕಾಣಲು ನಮ್ಮ ಮಕ್ಕಳಿಗೆ ಒಂದಷ್ಟು ಕಾಲ ಬೇಕು. ಬಹಳಷ್ಟು ಶಾಲೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮಕ್ಕಳು ತಾವೇ ಕಂಡುಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ಹಾಗೆ ಬಿಡಬಾರದು ಎಂದು ನಾನು ಬಲವಾಗಿ ಹೇಳುತ್ತೇನೆ. ದಿನಪತ್ರಿಕೆಯ ಶೀರ್ಷಿಕೆಗಳನ್ನು ಓದುವಾಗ ದೊಡ್ಡವರಿಗೂ ಈ ತೊಡಕು ಎದುರಾಗುತ್ತದೆ. ‘ಸ್ಟ್ರೈಕ್ ಹಿಟ್ಸ್ ಕಾಫಿ ಹಾರ್ವೆಸ್ಟ್’ ಎಂದು ಬರೆದರೆ, ‘ಸ್ಟ್ರೈಕ್’, ‘ಹಿಟ್’, ‘ಹಾರ್ವೆಸ್ಟ್’ ಮೂರೂ ಎರಡೂ ಆಗಬಲ್ಲ ಪದಗಳೇ. ಜಾಗ ಉಳಿಸಲು ‘ಎ’, ‘ದಿ’ಗಳನ್ನು ಬಿಟ್ಟಿರುವುದರಿಂದ, ಇರುವ ಒಂದೇ ‘ಎಸ್’ ಮತ್ತು ಪದಗಳ ಸಾಲನ್ನು ಹಿಡಿದು ಅರ್ಥಕ್ಕೆ ಬರಬೇಕಾಗುತ್ತದೆ.

ಇನ್ನು ಅರ್ಥದ ವಿಷಯ. ಬಾಯಿಪಾಠದ ಪಟ್ಟಿ ಸೋಲುವುದು ಮುಖ್ಯವಾಗಿ ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಒಂದು ವಸ್ತುವಿನ ಹೆಸರು ಕ್ರಿಯಾಪದವಾದಾಗ ಆ ವಸ್ತುವನ್ನು ಏನು ಮಾಡಿದಂತೆ ಎಂಬುದು ಪದದಲ್ಲಿ ಬರೆದಿರುವುದಿಲ್ಲ. ‘ವಾಟರ್’ ಎಂದರೆ ನೀರು ಕೊಡುವುದು, ‘ಬಟರ್’ ಎಂದರೆ ಬೆಣ್ಣೆ ಹಚ್ಚುವುದು. ಆದರೆ ‘ಮಿಲ್ಕ್’ ಎಂದರೆ ಹಾಲು ಕೊಡುವುದಲ್ಲ, ಹಾಲು ಕರೆಯುವುದು. ‘ಹ್ಯಾಮರ್’ ಎಂದರೆ ಸುತ್ತಿಗೆಯಿಂದ ಬಡಿಯುವುದು, ‘ಬಾಟಲ್’ ಎಂದರೆ ಬಾಟಲಿಗೆ ತುಂಬುವುದು, ‘ನರ್ಸ್’ ಎಂದರೆ ಶುಶ್ರೂಷೆ ಮಾಡುವುದು. ಕೆಲವು ಪದಗಳಲ್ಲಿ ಸೇರಿಸುವುದೂ ತೆಗೆಯುವುದೂ ಎರಡೂ ಇವೆ. ‘ಡಸ್ಟ್’ ಎಂದರೆ ಮೇಜಿನ ಧೂಳು ಒರೆಸುವುದು. ಬೆಳೆಗೆ ಔಷಧಿಯ ಪುಡಿ ಉದುರಿಸುವುದೂ ‘ಡಸ್ಟ್’ ಮಾಡುವುದೇ. ‘ಸೀಡ್’ ಎಂದರೆ ನೆಲಕ್ಕೆ ಬೀಜ ಬಿತ್ತುವುದು, ಹಣ್ಣಿನ ಬೀಜ ತೆಗೆಯುವುದೂ ಹೌದು.

ನಿಮ್ಮ ತೋಟದಲ್ಲೇ ಇದಕ್ಕಿಂತ ಒಳ್ಳೆಯ ಉದಾಹರಣೆ ಇದೆ. ಕೊಯ್ಲಿನ ದಿನಗಳಲ್ಲಿ ಕಾಫಿ ಹಣ್ಣನ್ನು ‘ಪಲ್ಪಿಂಗ್ ಮಾಡಿಸುತ್ತೇವೆ’ ಎನ್ನುತ್ತೀರಿ. ಹಣ್ಣಿನ ಸಿಪ್ಪೆಯನ್ನೂ ತಿರುಳನ್ನೂ ತೆಗೆದು ಬೀಜವನ್ನು ಬೇರೆ ಮಾಡುವ ಯಂತ್ರಕ್ಕೆ ‘ಪಲ್ಪರ್’ ಎನ್ನುತ್ತೀರಿ. ‘ಪಲ್ಪ್’ ಎಂಬ ನಾಮಪದಕ್ಕೆ ತಿರುಳು ಎಂದು ಅರ್ಥ. ಕಾಫಿ ತೋಟದಲ್ಲಿ ಅದೇ ಪದ ಕ್ರಿಯಾಪದವಾದಾಗ ತಿರುಳನ್ನು ತೆಗೆಯುವುದು ಎಂದಾಗುತ್ತದೆ. ಕಾಗದದ ಕಾರ್ಖಾನೆಯಲ್ಲಿ ‘ಪಲ್ಪ್’ ಮಾಡುವುದು ಎಂದರೆ ಮರವನ್ನೋ ಹಳೆಯ ಕಾಗದವನ್ನೋ ಅರೆದು ತಿರುಳಾಗಿಸುವುದು. ಒಂದು ಕಡೆ ತಿರುಳು ಹೋಗುತ್ತದೆ, ಇನ್ನೊಂದು ಕಡೆ ತಿರುಳೇ ತಯಾರಾಗುತ್ತದೆ. ಪದ ಒಂದೇ, ಕಸುಬು ಬೇರೆ. ಯಾವ ಜನ ಯಾವ ವಸ್ತುವನ್ನು ಏನು ಮಾಡುತ್ತಾರೆ ಎಂಬ ಲೋಕಜ್ಞಾನ ಇಲ್ಲದೆ ಈ ಅರ್ಥ ಹೊಳೆಯುವುದಿಲ್ಲ, ಮತ್ತು ಆ ಲೋಕಜ್ಞಾನ ನಿಮ್ಮ ಮಗಳಿಗೆ ಪೇಟೆಯ ಮಕ್ಕಳಿಗಿಂತ ಹೆಚ್ಚೇ ಇದೆ.

‘ವೀಡ್’ ಎಂಬ ಪದವನ್ನೂ ಅವಳಿಗೆ ಹೇಳಿಕೊಡಿ. ನಾಮಪದವಾದರೆ ಕಳೆ, ಕ್ರಿಯಾಪದವಾದರೆ ಕಳೆ ತೆಗೆಯುವುದು. ನಮ್ಮ ‘ಕಳೆ’ ಎಂಬ ಪದವೂ ಹಾಗೆಯೇ ಇರುವುದನ್ನು ಗಮನಿಸಿದ್ದೀರಾ? ಹೊಲದಲ್ಲಿ ಬೆಳೆಯುವುದೂ ಕಳೆ, ತೆಗೆದುಹಾಕು ಎಂಬುದಕ್ಕೂ ‘ಕಳೆ’. ಲೆಕ್ಕದಲ್ಲಿ ‘ಹತ್ತರಿಂದ ನಾಲ್ಕು ಕಳೆ’ ಎನ್ನುವ ಕಳೆ ಅದೇ. ಈ ಉದಾಹರಣೆಯನ್ನು ಕರಿಹಲಗೆಯ ಮೇಲೆ ಬರೆದ ದಿನ ಹಳ್ಳಿಯಿಂದ ಬಂದ ವಿದ್ಯಾರ್ಥಿಗಳ ಮುಖ ಅರಳುತ್ತಿದ್ದುದನ್ನು ನಾನು ಅನೇಕ ವರ್ಷ ಕಂಡಿದ್ದೇನೆ. ಅಲ್ಲಿಯವರೆಗೆ ಇಂಗ್ಲಿಷ್ ಎಂದರೆ ತಮ್ಮ ಅನುಭವಕ್ಕೆ ಹೊರಗಿನದು ಎಂದು ತಿಳಿದಿದ್ದವರು ಆಮೇಲೆ ತಾವೇ ‘ಶೇಡ್’, ‘ಸ್ಪ್ರೇ’, ‘ಟ್ರೆಂಚ್’, ‘ಗ್ರೇಡ್’, ‘ಕ್ರಾಪ್’ ಎಂದು ತೋಟದ ಪದಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ಎಲ್ಲವೂ ಎರಡೂ ಆಗಬಲ್ಲ ಪದಗಳೇ.

ಇಲ್ಲೊಂದು ಅಪಾಯವನ್ನು ತಪ್ಪದೆ ಹೇಳಬೇಕು. ಎಲ್ಲ ನಾಮಪದಗಳೂ ಕ್ರಿಯಾಪದ ಆಗುತ್ತವೆ ಎಂದು ಮಗು ಭಾವಿಸಿದರೆ ಹೊಸ ತಪ್ಪುಗಳು ಹುಟ್ಟುತ್ತವೆ. ಒಂದು ಕೆಲಸಕ್ಕೆ ಆಗಲೇ ಗಟ್ಟಿಯಾದ ಕ್ರಿಯಾಪದ ಇದ್ದರೆ ಇಂಗ್ಲಿಷ್ ಸಾಮಾನ್ಯವಾಗಿ ಇನ್ನೊಂದಕ್ಕೆ ಜಾಗ ಕೊಡುವುದಿಲ್ಲ. ‘ಫೀಡ್’ ಇರುವುದರಿಂದ ‘ಫುಡ್’ ಕ್ರಿಯಾಪದವಾಗದು; ‘ಸಿಂಗ್’ ಇರುವುದರಿಂದ ‘ಸಾಂಗ್’ ಆಗದು; ‘ಬ್ಲೀಡ್’ ಇರುವುದರಿಂದ ರಕ್ತ ಸುರಿಯಿತು ಎನ್ನಲು ‘ಬ್ಲಡ್’ ಬಳಸುವುದಿಲ್ಲ. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ‘ಹಿ ಸಕ್ಸೆಸ್ಡ್’ ಎಂಬ ಪ್ರಯೋಗ. ‘ಸಕ್ಸೆಸ್ ಆದ’ ಎಂದು ಕನ್ನಡದಲ್ಲಿ ದಿನವೂ ಹೇಳುವ ನಮಗೆ ಅದು ಬಲು ಸುಲಭವಾಗಿ ಬಾಯಿಗೆ ಬರುತ್ತದೆ, ಆದರೆ ಕ್ರಿಯಾಪದ ‘ಸಕ್ಸೀಡ್’. ‘ನೆಸ್’, ‘ಇಟಿ’ ಎಂದು ಮುಗಿಯುವ ಗುಣವಾಚಕ ಮೂಲದ ಹೆಸರುಗಳು, ಅಂದರೆ ‘ಕೈಂಡ್‌ನೆಸ್’, ‘ಎಬಿಲಿಟಿ’ ಮುಂತಾದವು, ಕ್ರಿಯಾಪದವಾಗುವುದಿಲ್ಲ ಎಂದೇ ಇಟ್ಟುಕೊಳ್ಳಬಹುದು. ಅನುಮಾನ ಬಂದಾಗ ನಿಘಂಟನ್ನು ತೆರೆಯಬೇಕು; ಊಹೆಯನ್ನು ಓದುವಾಗ ಬಳಸಬಹುದು, ಪರೀಕ್ಷೆಯಲ್ಲಿ ಬರೆಯುವಾಗ ಬಳಸಬಾರದು.

ಉಚ್ಚಾರಣೆಯ ಬಗ್ಗೆ ನೀವು ಕೇಳಿದ್ದು ನಿಜಕ್ಕೂ ಕಠಿಣವಾದ ಭಾಗ. ಕನ್ನಡದಲ್ಲಿ ಹ್ರಸ್ವ ದೀರ್ಘಗಳಿಂದ, ಒತ್ತಕ್ಷರಗಳಿಂದ ಅರ್ಥ ಬದಲಾಗುತ್ತದೆ. ಪದದ ಯಾವ ಭಾಗವನ್ನು ಬಲವಾಗಿ ನುಡಿಯುತ್ತೇವೆ ಎಂಬುದರಿಂದ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಭಾಗಗಳುಳ್ಳ ಹಲವು ಪದಗಳು ನಾಮಪದವಾದಾಗ ಮೊದಲ ಭಾಗವನ್ನೂ, ಕ್ರಿಯಾಪದವಾದಾಗ ಎರಡನೆಯ ಭಾಗವನ್ನೂ ಬಲವಾಗಿ ನುಡಿಸುತ್ತವೆ. ದಾಖಲೆ ಎಂಬ ನಾಮಪದಕ್ಕೆ ‘ರೆ’ ಬಲವಾಗಿ ‘ರೆಕಾರ್ಡ್’. ದಾಖಲಿಸು ಎಂಬುದಕ್ಕೆ ‘ಕಾರ್ಡ್’ ಬಲವಾಗಿ ‘ರಿಕಾರ್ಡ್’. ಉಡುಗೊರೆಯಾದರೆ ‘ಪ್ರೆ’ ಬಲವಾಗಿ, ಅರ್ಪಿಸುವುದಾದರೆ ಕೊನೆಯ ಭಾಗ ಬಲವಾಗಿ. ‘ಪರ್ಮಿಟ್’, ‘ಎಕ್ಸ್‌ಪೋರ್ಟ್’, ‘ಪ್ರೊಡ್ಯೂಸ್’, ‘ಆಬ್ಜೆಕ್ಟ್’, ‘ಕಾಂಡಕ್ಟ್’, ‘ಪ್ರೊಟೆಸ್ಟ್’ ಇದೇ ಗುಂಪಿನವು. ಪೀಟರ್ ಲೆವಿನ್ಸ್ ಎಂಬುವರು 1570ರಲ್ಲಿ ಹೊರತಂದ ನಿಘಂಟಿನಲ್ಲಿ ಈ ವ್ಯತ್ಯಾಸ ಕಾಣುವುದು ‘ರೆಬೆಲ್’, ‘ರೆಕಾರ್ಡ್’, ‘ಔಟ್‌ಲಾ’ ಎಂಬ ಮೂರೇ ಪದಗಳಲ್ಲಿ. ಈಗ ಇಂತಹ ಜೋಡಿಗಳು ನೂರನ್ನು ದಾಟಿವೆ. ಹಾಗೆಂದು ಇದು ಎಲ್ಲಕ್ಕೂ ಅನ್ವಯಿಸುವ ನಿಯಮವಲ್ಲ. ‘ರಿಪೋರ್ಟ್’, ‘ರಿಪ್ಲೈ’, ‘ಸಪೋರ್ಟ್’ ಯಾವಾಗಲೂ ಕೊನೆಯ ಭಾಗದಲ್ಲೇ ಬಲ ಪಡೆಯುತ್ತವೆ; ‘ಆನ್ಸರ್’, ‘ವಿಸಿಟ್’, ‘ಪ್ರಾಮಿಸ್’ ಯಾವಾಗಲೂ ಮೊದಲ ಭಾಗದಲ್ಲೇ.

ಇನ್ನು ಕೆಲವು ಪದಗಳಲ್ಲಿ ಕೊನೆಯ ಧ್ವನಿ ಬದಲಾಗುತ್ತದೆ. ಉಪಯೋಗ ಎಂಬ ನಾಮಪದ ‘ಯೂಸ್’, ಉಪಯೋಗಿಸು ಎಂಬುದು ‘ಯೂಝ್’. ‘ಹೌಸ್’, ‘ಎಕ್ಸ್‌ಕ್ಯೂಸ್’ ಪದಗಳೂ ಹಾಗೆಯೇ; ‘ಪ್ರೂಫ್’, ‘ಪ್ರೂವ್’ ಮತ್ತು ‘ಬಿಲೀಫ್’, ‘ಬಿಲೀವ್’ ಎಂಬ ಜೋಡಿಗಳಲ್ಲಿ ಕಾಗುಣಿತವೂ ಬೇರೆಯಾಗಿದೆ. ‘ಹೌಸ್’ನಂತಹ ಅಪ್ಪಟ ಇಂಗ್ಲಿಷ್ ಪದಗಳಲ್ಲಿ ಇದರ ಮೂಲವೂ ಆ ಉದುರಿಹೋದ ಪ್ರತ್ಯಯಗಳಲ್ಲಿದೆ. ಹಳೆಯ ಇಂಗ್ಲಿಷಿನಲ್ಲಿ ಇಂತಹ ವ್ಯಂಜನ ಎರಡು ಸ್ವರಗಳ ನಡುವೆ ಬಂದರೆ ಮೆತ್ತಗಾಗುತ್ತಿತ್ತು. ಕ್ರಿಯಾಪದಕ್ಕೆ ಮುಂದೆ ಸ್ವರವಿದ್ದ ಪ್ರತ್ಯಯ ಇರುತ್ತಿದ್ದುದರಿಂದ ಅಲ್ಲಿ ಧ್ವನಿ ಮೆತ್ತಗಾಯಿತು, ನಾಮಪದದ ಕೊನೆಯಲ್ಲಿ ಗಡುಸಾಗಿಯೇ ಉಳಿಯಿತು. ಹುಲ್ಲು ಎಂಬ ‘ಗ್ರಾಸ್’ನಿಂದ ಮೇಯುವುದು ಎಂಬ ‘ಗ್ರೇಝ್’ ಬಂದದ್ದು ಹೀಗೆ. ಪ್ರತ್ಯಯ ಹೋಯಿತು, ಅದು ಬಿಟ್ಟುಹೋದ ಗುರುತು ಉಳಿಯಿತು. ಇಲ್ಲಿ ‘ಝ್’ ಎಂದು ಬರೆದಿರುವ ಇಂಗ್ಲಿಷಿನ ಆ ಧ್ವನಿ ಕನ್ನಡದಲ್ಲಿ ಇಲ್ಲದಿರುವುದರಿಂದ ನಮ್ಮ ಮಕ್ಕಳು ಎರಡನ್ನೂ ‘ಯೂಸ್’ ಎನ್ನುತ್ತಾರೆ. ಅದರಿಂದ ಅರ್ಥ ಕೆಡುವುದು ಅಪರೂಪ. ತರಗತಿಯಲ್ಲಿ ನಕ್ಕ ಮಕ್ಕಳ ಉಚ್ಚಾರಣೆಯೂ ಎಲ್ಲ ಪದಗಳಲ್ಲಿ ಸರಿಯಿರುವ ಸಾಧ್ಯತೆ ಕಡಿಮೆ. ವಾರಕ್ಕೆ ಎರಡು ಜೋಡಿಗಳನ್ನು ಮಾತ್ರ ಆರಿಸಿಕೊಂಡು, ಮೊಬೈಲಿನಲ್ಲಿ ನಿಘಂಟಿನ ಉಚ್ಚಾರಣೆ ಕೇಳಿ, ಪೂರ್ಣ ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿಸಿ. ಬಿಡಿ ಪದವನ್ನು ಹೇಳಿಸಿದರೆ ಪ್ರಯೋಜನವಿಲ್ಲ, ಯಾವ ಉಚ್ಚಾರಣೆ ಬೇಕು ಎಂಬುದನ್ನು ವಾಕ್ಯವೇ ತೀರ್ಮಾನಿಸುತ್ತದೆ.

ಈಗ ಆ ಪಟ್ಟಿ. ನೇರವಾಗಿ ಹೇಳುವುದಾದರೆ, ಅದನ್ನು ಬಾಯಿಪಾಠ ಮಾಡಿಸಬೇಡಿ. ‘ಪ್ಲಾಂಟ್’ ಅನ್ನು ನಾಮಪದದ ಸಾಲಿನಲ್ಲಿ ಕಲಿತರೆ ‘ವಿ ಪ್ಲಾಂಟ್ ಪೆಪ್ಪರ್’ ಎಂಬಲ್ಲಿ ತಪ್ಪುತ್ತಾಳೆ, ಕ್ರಿಯಾಪದದ ಸಾಲಿನಲ್ಲಿ ಕಲಿತರೆ ಈಗ ತಪ್ಪಿದಂತೆಯೇ ಮತ್ತೆ ತಪ್ಪುತ್ತಾಳೆ. ಪಟ್ಟಿಯಿಂದ ಒಂದು ಲಾಭವಿದೆ, ಅಂದರೆ ಪರೀಕ್ಷೆಯ ಹಿಂದಿನ ವಾರ ಧೈರ್ಯ ಕೊಡುತ್ತದೆ. ಆದರೆ ಪರಿಚಯವಿಲ್ಲದ ವಾಕ್ಯ ಬಂದ ಕೂಡಲೇ ಆ ಧೈರ್ಯ ಕುಸಿಯುತ್ತದೆ. ಪಟ್ಟಿಯ ಬದಲು ಒಂದು ಪುಸ್ತಕದಲ್ಲಿ ದಿನಕ್ಕೊಂದು ಪದಕ್ಕೆ ಎರಡು ವಾಕ್ಯ ಬರೆಯಲಿ: ಒಂದರಲ್ಲಿ ಅದು ಹೆಸರಾಗಿ, ಇನ್ನೊಂದರಲ್ಲಿ ಕೆಲಸವಾಗಿ. ವಾಕ್ಯಗಳು ಮನೆಯ, ತೋಟದ, ಶಾಲೆಯ ಸಂಗತಿಗಳಾಗಿರಲಿ. ಇದು ನಿಧಾನದ ದಾರಿ. ಮೊದಲ ಎರಡು ಮೂರು ತಿಂಗಳು ಅಂಕಗಳಲ್ಲಿ ಏನೂ ಕಾಣದೆ ಇರಬಹುದು, ತರಗತಿಯ ಬೇರೆ ಮಕ್ಕಳು ಮುಂದೆ ಹೋದಂತೆ ಅನಿಸಬಹುದು. ಆ ಅವಧಿಯಲ್ಲಿ ನೀವು ಧೃತಿಗೆಡದೆ ಇರಬೇಕು. ವಾಕ್ಯವನ್ನು ನಿನ್ನೆಗೆ ತಳ್ಳುವ ಉಪಾಯವನ್ನು ಮಾತ್ರ ಕಲಿಸಿ ಸುಮ್ಮನಾಗುವುದೂ ಒಂದು ದಾರಿಯೇ. ಅದು ಗೆರೆ ಎಳೆಯುವ ಪ್ರಶ್ನೆಗೆ ಸಾಕು, ಆದರೆ ಸ್ವಂತವಾಗಿ ಬರೆಯಲು ನೆರವಾಗುವುದಿಲ್ಲ. ನನ್ನ ಆಯ್ಕೆ ಕೇಳಿದರೆ, ಆ ಉಪಾಯವನ್ನು ಈ ವಾರವೇ ಕಲಿಸಿ, ಎರಡು ವಾಕ್ಯದ ಪುಸ್ತಕವನ್ನು ವರ್ಷವಿಡೀ ನಡೆಸಿ.

ಕನ್ನಡ ಮಾಧ್ಯಮದ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವ ಪಶ್ಚಾತ್ತಾಪಕ್ಕೆ ಆಧಾರವಿಲ್ಲ. ಮೊದಲ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದವರಲ್ಲಿಯೂ ಇದೇ ತಪ್ಪುಗಳನ್ನು ನಾನು ತಿದ್ದಿದ್ದೇನೆ. ನಾಮಪದ, ಕ್ರಿಯಾಪದ, ಪ್ರತ್ಯಯ ಎಂಬ ಮಾತುಗಳನ್ನು ತನ್ನ ಭಾಷೆಯಲ್ಲಿ ಅರ್ಥಮಾಡಿಕೊಂಡು ಬಂದ ಮಗುವಿಗೆ ‘ಇಲ್ಲಿ ಬಾಲ ನೋಡಬೇಡ, ಜಾಗ ನೋಡು’ ಎಂದು ಹೇಳಿದರೆ ಒಂದೇ ವಾಕ್ಯದಲ್ಲಿ ತಿಳಿಯುತ್ತದೆ. ಯಾವ ಭಾಷೆಯ ವ್ಯಾಕರಣವೂ ಗಟ್ಟಿಯಾಗಿ ಬಾರದ ಮಗುವಿಗೆ ಅದನ್ನು ತಿಳಿಸುವುದು ಇದಕ್ಕಿಂತ ಎಷ್ಟೋ ಕಷ್ಟ.

ಮನೆಪಾಠದವರೊಡನೆ ಮಾತನಾಡುವಾಗ ಮಗಳ ಎದುರಿಗೆ ವಾದಕ್ಕೆ ನಿಲ್ಲಬೇಡಿ. ಯಾವುದೇ ಒಳ್ಳೆಯ ಇಂಗ್ಲಿಷ್ ನಿಘಂಟಿನಲ್ಲಿ ‘ವಾಟರ್’ ಪದದ ಕೆಳಗೆ ನಾಮಪದ, ಕ್ರಿಯಾಪದ ಎಂದು ಎರಡು ವಿಭಾಗಗಳಿರುತ್ತವೆ; ಆ ಪುಟವನ್ನು ತೋರಿಸಿ, ‘ಇದನ್ನು ಹೇಗೆ ಹೇಳಿಕೊಡುವುದು?’ ಎಂದು ಕೇಳಿದರೆ ಮಾತು ಮುರಿಯುವುದಿಲ್ಲ. ಶಾಲೆಯವರು ಅಂಕ ಕೊಡದೆ ಇದ್ದುದು ಸರಿಯಾಗಿಯೇ ಇದೆ, ಅದನ್ನು ಪ್ರಶ್ನಿಸುವ ಅಗತ್ಯವಿಲ್ಲ.

ಕೊನೆಯದಾಗಿ ‘ಪ್ರಾಕ್ಟಿಸ್’. ನಮ್ಮ ಶಾಲೆಗಳು ಅನುಸರಿಸುವ ಬ್ರಿಟಿಷ್ ಕಾಗುಣಿತದಲ್ಲಿ ಅಭ್ಯಾಸ ಎಂಬ ನಾಮಪದಕ್ಕೆ ಕೊನೆಯಲ್ಲಿ ‘ಸಿ, ಇ’, ಅಭ್ಯಾಸ ಮಾಡು ಎಂಬ ಕ್ರಿಯಾಪದಕ್ಕೆ ‘ಎಸ್, ಇ’. ‘ಲೈಸೆನ್ಸ್’ ಪದಕ್ಕೂ ಹೀಗೆಯೇ. ಸಲಹೆ ಎಂಬ ‘ಅಡ್ವೈಸ್’ ಮತ್ತು ಸಲಹೆ ಕೊಡು ಎಂಬ ‘ಅಡ್ವೈಝ್’ ಪದಗಳಲ್ಲಿ ಕಾಗುಣಿತದ ಜೊತೆಗೆ ಉಚ್ಚಾರಣೆಯೂ ಬೇರೆ. ನೆನಪಿಗೆ ‘ಐಸ್’ ಪದವನ್ನು ಇಟ್ಟುಕೊಳ್ಳಲಿ: ಮಂಜುಗಡ್ಡೆ ಒಂದು ವಸ್ತು, ಅದರ ಕಾಗುಣಿತ ಮುಗಿಯುವುದು ‘ಸಿ, ಇ’ಯಲ್ಲಿ, ಈ ಜೋಡಿಗಳಲ್ಲಿ ಹಾಗೆ ಮುಗಿಯುವುದು ನಾಮಪದ. ಅಮೆರಿಕದವರು ಅಭ್ಯಾಸದ ಪದಕ್ಕೆ ಎರಡೂ ಕಡೆ ‘ಸಿ’ಯನ್ನೂ, ‘ಲೈಸೆನ್ಸ್’ಗೆ ಎರಡೂ ಕಡೆ ‘ಎಸ್’ ಅನ್ನೂ ಬರೆಯುತ್ತಾರೆ. ಮೊಬೈಲು ಆ ರೂಪಗಳನ್ನೇ ಸರಿಯೆಂದು ತೋರಿಸಿದರೆ ಅವಳು ಗಾಬರಿಯಾಗಬೇಕಿಲ್ಲ, ಶಾಲೆಯಲ್ಲಿ ಮಾತ್ರ ಬ್ರಿಟಿಷ್ ರೂಪವನ್ನೇ ಬರೆಯಲಿ. ಮನೆಯಲ್ಲಿ ಯಾರದಾದರೂ ಚಾಲನಾ ಪರವಾನಗಿಯ ಕಾರ್ಡ್ ಇದ್ದರೆ ಅವಳ ಕೈಗೆ ಕೊಡಿ. ಅದರ ಮೇಲೆ ‘ಡ್ರೈವಿಂಗ್ ಲೈಸೆನ್ಸ್’ ಎಂದು ಅಚ್ಚಾಗಿರುವುದರ ಕೊನೆಯಲ್ಲಿ ‘ಸಿ, ಇ’ ಇದೆ.